ಆನೆಗೊಂದಿಯಿಂದ ಮಸ್ಕಿಗೆ, ಫ್ಲಾಸ್ಕಿನ ನೀರಿನ ಕಾಫಿ

ಗಂಗಾವತಿಯಲ್ಲಿ ಬಸ್ಸಿಳಿದರೆ ಮಂಡಕ್ಕಿ ಒಗ್ಗರಣಿ, ಮಿರ್ಚಿ, ಖಡಕ್ ಚಹಾ ಎಲ್ಲೆಂದರಲ್ಲಿ ಸಿಗುತ್ತವೆ. ಕಾಫಿ ಕೇಳಿದರೆ ಹೆಚ್ಚಿನ ಕಡೆ ಇನ್‌ಸ್ಟಂಟ್ ಪುಡಿಯೇ. ಹಾಗಾಗಿ ಈ ಸೀಮೆ ಸುತ್ತುವ ಕಾಫಿಪ್ರಿಯರು ಒಂದು ಏರೋಪ್ರೆಸ್ (ಕೊಳವೆಯೊಳಗೆ ಕಾಫಿ ನೆನೆಸಿ, ಒತ್ತುಕೊಳವೆಯಿಂದ ಕಾಗದದ ಮೂಲಕ ಒತ್ತಿ ಇಳಿಸುವ ಸಾಧನ), ಕೈಯಲ್ಲಿ ತಿರುಗಿಸುವ ಸಣ್ಣ ಗ್ರೈಂಡರ್, ಅರ್ಧ ಲೀಟರ್ ಫ್ಲಾಸ್ಕ್, ದಪ್ಪ ಸ್ಟೀಲ್ ಲೋಟ ಇಟ್ಟುಕೊಂಡರೆ ಸಾಕು. ಗ್ಯಾಸ್ ಸ್ಟವ್ ಬೇಡ. ಅದನ್ನು ರೈಲಿನಲ್ಲಿ ಒಯ್ಯುವಂತಿಲ್ಲ, ಇಲ್ಲಿನ ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಡಬ್ಬಿ ಇಡುವುದಂತೂ ಅಪಾಯ. ರೈಲಿನ ಮೊಬೈಲ್ ಚಾರ್ಜಿಂಗ್ ಪ್ಲಗ್ಗಿಗೆ ಕೆಟಲ್ ಹಾಕುವುದೂ ನಿಷಿದ್ಧ.

ಇಲ್ಲಿ ಕಾಫಿ ಕೆಡುವುದು ಹೆಚ್ಚಾಗಿ ನೀರಿನಿಂದ. ಕೊಪ್ಪಳ, ರಾಯಚೂರು ಕಡೆಯ ಎಷ್ಟೋ ಬೋರ್‌ವೆಲ್‌ಗಳ ನೀರು ಗಡಸು. ಅದರಲ್ಲಿನ ಬೈಕಾರ್ಬೊನೇಟ್ ಕಾಫಿಯ ಹುಳಿಯನ್ನು ನುಂಗಿ ರುಚಿ ಸಪ್ಪೆ ಮಾಡುತ್ತದೆ. ಕುದಿಸಿದರೆ ಸುಣ್ಣದಂಶ ಸ್ವಲ್ಪ ತಳಕ್ಕೆ ಕೂರುತ್ತದೆ, ಆದರೆ ಇಲ್ಲಿನ ಹಲವು ಬೋರ್‌ವೆಲ್ ನೀರಿನಲ್ಲಿರುವ ಫ್ಲೋರೈಡ್ ಹೋಗುವುದಿಲ್ಲ. ಆದ್ದರಿಂದ ಊರೂರಿನಲ್ಲಿರುವ ಶುದ್ಧ ಕುಡಿಯುವ ನೀರಿನ ಘಟಕದಿಂದ ತುಂಬಿಸಿಕೊಳ್ಳಿ. ಆ ಆರ್‌ಒ ನೀರಿನಲ್ಲಿ ಖನಿಜಾಂಶ ತೀರಾ ಕಡಿಮೆ, ಕಾಫಿ ತೆಳುವೆನಿಸಬಹುದು. ಹಾಗಾದರೆ ಪುಡಿಯನ್ನು ಒಂದು ಹಂತ ನುಣ್ಣಗೆ ಮಾಡಿ, ಅರ್ಧ ನಿಮಿಷ ಹೆಚ್ಚು ನೆನೆಸಿ.

ಬೆಳಿಗ್ಗೆ ಹೋಟೆಲಿನಲ್ಲಿ ನಿಮ್ಮ ನೀರನ್ನೇ ಕೊಟ್ಟು, "ಅಣ್ಣಾರ, ಇದನ್ನ ಬ್ಯಾರೆ ಪಾತ್ರೆದಾಗ ಕುದಿಸಿ ಕೊಡ್ರಿ" ಅನ್ನಿ. ಚಹಾ ಪಾತ್ರೆಯಲ್ಲಿ ಕಾಯಿಸಿದರೆ ಏಲಕ್ಕಿ, ಶುಂಠಿಯ ವಾಸನೆ ಕಾಫಿಗೂ ಹತ್ತುತ್ತದೆ. ಒಂದು ಚಹಾದ ದುಡ್ಡು ಕೊಡುವುದು ಮರ್ಯಾದೆ. ಫ್ಲಾಸ್ಕಿಗೆ ಮೊದಲು ಬಿಸಿನೀರು ಹಾಕಿ ಚೆಲ್ಲಿ, ಆಮೇಲೆ ತುಂಬಿಸಿ. ತಣ್ಣನೆಯ ಫ್ಲಾಸ್ಕ್ ಒಂದೇಟಿಗೆ ಹಲವು ಡಿಗ್ರಿ ಇಳಿಸಿಬಿಡುತ್ತದೆ.

ಆನೆಗೊಂದಿ ಬಳಿಯ ಅಂಜನಾದ್ರಿಯ 575 ಮೆಟ್ಟಿಲು ಹತ್ತಿಳಿದು ಸಾಣಾಪುರ ಕೆರೆಯ ಬಂಡೆಗಳ ನೆರಳಿಗೆ ಬರುವ ಹೊತ್ತಿಗೆ ಆ ನೀರು ಕುದಿಯ ಬಿಸಿ ಕಳೆದುಕೊಂಡು ಹದಕ್ಕೆ ಬಂದಿರುತ್ತದೆ. 15 ಗ್ರಾಂ ಬೀಜವನ್ನು ಪುಡಿ ಉಪ್ಪಿನಷ್ಟು ನುಣ್ಣಗೆ ಬೀಸಿ. ಏರೋಪ್ರೆಸ್ಸಿನ ತೂತಿನ ಮುಚ್ಚಳಕ್ಕೆ ಫಿಲ್ಟರ್ ಕಾಗದ ಕೂರಿಸಿ, ತೊಯ್ಯಿಸಿ, ಕೊಳವೆಗೆ ತಿರುಗಿಸಿ ಲೋಟದ ಮೇಲಿಡಿ. ಲೋಟದ ಬಾಯಿ 7ರಿಂದ 9 ಸೆಂಟಿಮೀಟರ್ ಇರಲಿ. ಚಹಾದ ಗಾಜಿನ ಲೋಟದ ಮೇಲೆ ಒತ್ತಿದರೆ ಒಡೆದೀತು. ಪುಡಿ ಹಾಕಿ 50 ಮಿಲಿ ನೀರೆರೆದು ಕಲಕಿ, ಅರ್ಧ ನಿಮಿಷ ಬಿಟ್ಟು ಇನ್ನು 150 ಮಿಲಿ ಎರೆಯಿರಿ. ಒತ್ತುಕೊಳವೆಯನ್ನು ಮೇಲ್ಗಡೆ ತುಸು ಸಿಕ್ಕಿಸಿದರೆ ಸೋರುವುದು ನಿಲ್ಲುತ್ತದೆ. ಒಂದೂವರೆ ನಿಮಿಷ ಕಾದು, ಅರ್ಧ ನಿಮಿಷದಲ್ಲಿ ನಿಧಾನವಾಗಿ ಒತ್ತಿ, 'ಸುಸ್' ಎಂದ ಕೂಡಲೇ ನಿಲ್ಲಿಸಿ. ಒತ್ತಲು ಕೈ ಸೋತರೆ ಪುಡಿ ತೀರಾ ನುಣುಪು. ಸರಕ್ಕನೆ ಇಳಿದು ಹುಳಿಯಾದರೆ ದಪ್ಪ. ಚಿಕೋರಿ ಬೆರೆತ ಪುಡಿ ಕಾಗದದ ರಂಧ್ರಗಳನ್ನು ಮುಚ್ಚಿಬಿಡುತ್ತದೆ, ಅದಕ್ಕೆ ಸ್ಟೀಲ್ ಫಿಲ್ಟರೇ ಸರಿ.

ಹಾಲಿನ ಕಾಫಿಯನ್ನು ಕೊಪ್ಪಳದಲ್ಲಿ ಬೆಳಿಗ್ಗೆಯೇ ಮುಗಿಸುವುದು ಒಳ್ಳೆಯದು. 18 ಗ್ರಾಂ ಪುಡಿಗೆ 90 ಮಿಲಿ ನೀರೆರೆದು ಒತ್ತಿದರೆ ಸುಮಾರು 60 ಮಿಲಿ ಗಟ್ಟಿ ಡಿಕಾಕ್ಷನ್ ಇಳಿಯುತ್ತದೆ. ಉಳಿದದ್ದನ್ನು ಪುಡಿ ಕುಡಿಯುತ್ತದೆ. ಅದಕ್ಕೆ 120 ಮಿಲಿ ಬಿಸಿ ಹಾಲು. ಬೇಸಿಗೆಯಲ್ಲಿ ಹಾಲಿನ ಪ್ಯಾಕೆಟ್ ಹೊರಗಿಟ್ಟರೆ ಕಣ್ಣಿಗೆ ಕಾಣದ ಹುಳಿ ಏರುತ್ತದೆ, ಕಾಯಿಸಿದಾಗ ಒಡೆಯುತ್ತದೆ. ಕೊಂಡ ತಕ್ಷಣ ಕಾಯಿಸಿಬಿಡಿ.

ಕುಕನೂರಿನ ನವಲಿಂಗ ಗುಡಿ ನೋಡಿ ಇಟಗಿಗೆ ಬಂದರೆ, 1112ರ ಮಹಾದೇವ ದೇವಾಲಯ. ಶಾಸನ ಅದನ್ನು 'ದೇವಾಲಯ ಚಕ್ರವರ್ತಿ' ಎಂದು ಕರೆದಿದೆ, ಆ ಕಂಬಗಳ ಕಡೆತ ನೋಡಿದರೆ ಒಪ್ಪಲೇಬೇಕು. ಸಂರಕ್ಷಿತ ಸ್ಮಾರಕವಾದ್ದರಿಂದ ಕಾಫಿ ಸರಂಜಾಮು ಆವರಣದ ಹೊರಗೇ ಬಿಚ್ಚಬೇಕು.

ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಸಿಕ್ಕ, ಅಶೋಕನ ಹೆಸರೇ ಇರುವ ಶಾಸನ ನೋಡಲು ಬಿಸಿಲಲ್ಲಿ ನಡೆದ ಮೇಲೆ ಬಿಸಿ ಕಾಫಿ ಯಾರಿಗೂ ಬೇಡ. 18 ಗ್ರಾಂ ಪುಡಿಗೆ 100 ಮಿಲಿ ಬಿಸಿನೀರು ಹಾಕಿ ಒತ್ತಿ, ಸಕ್ಕರೆ ಬೇಕಿದ್ದರೆ ಬಿಸಿಯಿದ್ದಾಗಲೇ ಕರಗಿಸಿ, 100 ಮಿಲಿ ಫ್ರಿಜ್ ನೀರು ಬೆರೆಸಿ. ಬೀದಿಯ ಮಂಜುಗಡ್ಡೆ ಯಾವ ನೀರಿನದೋ, ಅದನ್ನು ಮುಟ್ಟಬೇಡಿ. ಒತ್ತಿದ ಪುಡಿ ಬಿಲ್ಲೆಯಾಗಿ ಬೀಳುತ್ತದೆ. ಕಾಗದ ಸಮೇತ ಒಂದು ಕವರಿಗೆ ಹಾಕಿಕೊಂಡರೆ ತೊಳೆಯಲು ಅರ್ಧ ಲೋಟ ನೀರು ಸಾಕು.