ಮೆಡಿಕಲ್ ಓದದೆ ಜೆನೆಟಿಕ್ ಕೌನ್ಸೆಲರ್ ಆಗಬಹುದಾ?

"ಡಿಗ್ರಿಯಲ್ಲಿ ಬಯಾಲಜಿ ಓದಿದ್ದೇನೆ, ಡಾಕ್ಟರ್ ಅಲ್ಲ. ಜೆನೆಟಿಕ್ ಕೌನ್ಸೆಲರ್ ಆಗಬಹುದಾ? ಅದರ ಎರಡು ವರ್ಷದ ಕೋರ್ಸಿನಲ್ಲಿ ಕಲಿಸುವುದಾದರೂ ಏನು?" ಮತ್ತೆ ಮತ್ತೆ ಬರುವ ಪ್ರಶ್ನೆ ಇದು.

ಖಂಡಿತ ಆಗಬಹುದು. ವಂಶಪಾರಂಪರ್ಯವಾಗಿ ಬರುವ ರೋಗಗಳ ಸಂಭವವನ್ನು ಲೆಕ್ಕಹಾಕಿ, ಕುಟುಂಬದವರಿಗೆ ವಿವರಿಸಿ, ಅವರ ಜತೆ ನಿಲ್ಲುವವರೇ ಜೆನೆಟಿಕ್ ಕೌನ್ಸೆಲರ್. ಬೇಕಾದದ್ದು ಇದಕ್ಕೆಂದೇ ಇರುವ ಎರಡು ವರ್ಷದ ಸ್ನಾತಕೋತ್ತರ ಪದವಿ. ಇಂಥ ಮೊದಲ ಕೋರ್ಸ್ 1969ರಲ್ಲಿ ಅಮೆರಿಕದ ಸಾರಾ ಲಾರೆನ್ಸ್ ಕಾಲೇಜಿನಲ್ಲಿ ಶುರುವಾಯಿತು. ಮುಂದೆ ಹೇಳುವುದೆಲ್ಲ ಆ ದೇಶದ ಕ್ರಮ.

ಜೆನೆಟಿಕ್ಸ್, ಬಯೋಕೆಮಿಸ್ಟ್ರಿ, ಸ್ಟ್ಯಾಟಿಸ್ಟಿಕ್ಸ್, ಸೈಕಾಲಜಿ ಓದಿರಬೇಕೆಂದು ಬಹುತೇಕ ಕಡೆ ಕೇಳುತ್ತಾರೆ. ಅದು ಅನೇಕರಿಗೆ ಇರುತ್ತದೆ. ಅರ್ಜಿ ಸೋಲುವುದು ಬೇರೆ ಕಾರಣಕ್ಕೆ: ಲ್ಯಾಬ್ ಅನುಭವ ಬೇಕಾದಷ್ಟು, ಕಷ್ಟದಲ್ಲಿರುವವರ ಎದುರು ಕೂತು ಕಿವಿಗೊಟ್ಟ ಅನುಭವ ಸೊನ್ನೆ. ಸಹಾಯವಾಣಿಯಲ್ಲೋ ವಿಶೇಷಚೇತನರ ಜತೆಗೋ ಒಂದಷ್ಟು ಕಾಲ ಕೆಲಸ ಮಾಡಿದ್ದರೆ ಅದರ ತೂಕವೇ ಬೇರೆ.

ಸೀಟು ಸಿಗುವುದು 'ಮ್ಯಾಚ್' ಮೂಲಕ. ಸಂದರ್ಶನ ಮುಗಿದ ಮೇಲೆ ನೀವು ಕಾಲೇಜುಗಳನ್ನೂ ಅವು ನಿಮ್ಮನ್ನೂ ಇಷ್ಟದ ಕ್ರಮದಲ್ಲಿ ಪಟ್ಟಿ ಮಾಡುತ್ತೀರಿ. ಎರಡೂ ಪಟ್ಟಿಗಳನ್ನು ಹೊಂದಿಸಿ ಸೀಟು ಹಂಚಲಾಗುತ್ತದೆ. ಎಲ್ಲಿ ಸುಲಭವಾಗಿ ಸಿಕ್ಕೀತು ಎಂದು ಊಹಿಸಿ ಕ್ರಮ ಬದಲಿಸಬೇಡಿ, ಅದರಿಂದ ನಷ್ಟ ನಿಮಗೇ. ಹೋಗಲು ಮನಸ್ಸಿಲ್ಲದ ಕಾಲೇಜನ್ನು ಪಟ್ಟಿಗೆ ಸೇರಿಸಲೂ ಬೇಡಿ. ಅಲ್ಲೇ ಸೀಟು ಬಂದರೆ ಒಪ್ಪಿಕೊಳ್ಳಬೇಕಾಗುತ್ತದೆ.

ತರಗತಿಯ ಮೊದಲ ಪಾಠಗಳಲ್ಲೊಂದು ಪೆಡಿಗ್ರಿ, ಅಂದರೆ ರೋಗದ ಗುರುತುಳ್ಳ ವಂಶವೃಕ್ಷ, ಬರೆಯುವುದು: ಕನಿಷ್ಠ ಮೂರು ತಲೆಮಾರು, ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ, ರೋಗ ಇದ್ದವರಿಗೆ ಕಪ್ಪು ತುಂಬುವುದು, ರಕ್ತಸಂಬಂಧದ ಮದುವೆಗೆ ಜೋಡಿಗೆರೆ. ಆಮೇಲೆ ಲೆಕ್ಕ. ಡುಶೆನ್ ಮಸ್ಕ್ಯುಲರ್ ಡಿಸ್ಟ್ರೋಫಿ ಎಂದರೆ ಸ್ನಾಯುಗಳು ಕ್ಷೀಣಿಸುತ್ತಾ ಹೋಗುವ ರೋಗ. ಎಕ್ಸ್ ಕ್ರೋಮೋಸೋಮಿನ ಜೀನ್ ದೋಷದಿಂದ, ಬಹುತೇಕ ಗಂಡುಮಕ್ಕಳಿಗೆ ಬರುತ್ತದೆ. ತಾಯಿ ಇದರ ವಾಹಕಿ, ಅಂದರೆ ಸಾಮಾನ್ಯವಾಗಿ ತನಗೆ ರೋಗವಿಲ್ಲದೆ ಆ ಜೀನ್ ದೋಷವನ್ನು ಹೊತ್ತವಳು, ಎಂಬುದು ಖಚಿತವಾಗಿದೆ ಅನ್ನಿ. ಮಗಳೂ ವಾಹಕಿಯಾಗಿರುವ ಸಂಭವ 1/2. ಆದರೆ ಆ ಮಗಳಿಗೆ ಮೂವರು ಗಂಡುಮಕ್ಕಳಿದ್ದು, ರೋಗ ಕಾಣಿಸಿಕೊಳ್ಳುವ ವಯಸ್ಸು ದಾಟಿ ಮೂವರೂ ಆರೋಗ್ಯವಾಗಿದ್ದಾರೆ. ಈಗಲೂ 1/2 ಎಂದರೆ ತಪ್ಪು. ಆಕೆ ವಾಹಕಿಯಾಗಿದ್ದರೆ ಒಬ್ಬೊಬ್ಬ ಮಗ ಪಾರಾಗುವ ಸಂಭವ 1/2, ಮೂವರೂ ಪಾರಾಗುವ ಸಂಭವ 1/8. ಅದನ್ನು 1/2ರಿಂದ ಗುಣಿಸಿದರೆ 1/16. ವಾಹಕಿಯಲ್ಲದಿದ್ದರೆ ಮೂವರೂ ಪಾರಾಗುವುದು ಸಹಜ, ಹಾಗಾಗಿ 1/2 ಹಾಗೇ ಉಳಿಯುತ್ತದೆ, ಅಂದರೆ 8/16. ಎರಡೂ ಸೇರಿ 9/16. ಅದರಲ್ಲಿ ವಾಹಕಿಯ ಪಾಲು ಒಂದೇ ಆದ್ದರಿಂದ ಉತ್ತರ 1/9. ಮುಂದಿನ ಮಗುವಿಗೆ ರೋಗ ಬರಬೇಕಾದರೆ ಅದು ಗಂಡಾಗಿರಬೇಕು (1/2), ದೋಷವೂ ಅದಕ್ಕೆ ದಾಟಬೇಕು (1/2). ಹಾಗಾಗಿ ಆ ಸಂಭವ 1/9ರ ಕಾಲುಭಾಗ, 1/36.

ಇಷ್ಟನ್ನು ಒಂದು ತಿಂಗಳಲ್ಲಿ ಕಲಿಯಬಹುದು. ಆ 1/36 ಅನ್ನು ಆಕೆಗೆ ಹೇಳುವುದನ್ನು ಕಲಿಯಲು ಎರಡು ವರ್ಷವೂ ಸಾಲದು. "ಮೂವತ್ತಾರರಲ್ಲಿ ಒಂದು" ಎಂದರೆ ಕಿವಿಗೆ ಬೀಳುವುದು ಆ 'ಒಂದು'. "ಮೂವತ್ತಾರರಲ್ಲಿ ಮೂವತ್ತೈದು ಸಲ ಈ ರೋಗ ಬರುವುದಿಲ್ಲ" ಎಂದರೆ ಅದೇ ಸಂಖ್ಯೆ ಹಗುರ. ಹಾಗಾಗಿ ಎರಡನ್ನೂ ಹೇಳಬೇಕು. ವಿದ್ಯಾರ್ಥಿಗಳು ಎಡವುವುದು ಮೌನದಲ್ಲಿ. ಎದುರಿಗಿದ್ದವರ ಕಣ್ಣು ತುಂಬಿದ ಕೂಡಲೇ ಗಾಬರಿಯಾಗಿ ಎಕ್ಸ್ ಕ್ರೋಮೋಸೋಮಿನ ವಿವರಣೆ ಶುರುಮಾಡುತ್ತಾರೆ. ಆ ಹೊತ್ತಿನಲ್ಲಿ ಒಂದಕ್ಷರವೂ ಅವರ ತಲೆಗೆ ಹೋಗುವುದಿಲ್ಲ. ಸುಮ್ಮನೆ ಕೂತಿರುವುದೇ ಆಗ ಮಾಡಬೇಕಾದ ಕೆಲಸ. ಇನ್ನೊಂದು ಎಡವಟ್ಟು, ಅರ್ಥ ಇನ್ನೂ ನಿರ್ಧಾರವಾಗದ ಜೀನ್ ಬದಲಾವಣೆ ವರದಿಯಲ್ಲಿ ಬಂದಾಗ ಅದನ್ನು ರೋಗಕಾರಕ ಎಂಬಂತೆ ವಿವರಿಸುವುದು. ಅಂಥ ವರದಿಯನ್ನು ನೆಚ್ಚಿ ರೋಗ ತಡೆಯಲೆಂದು ಆಪರೇಷನ್ ನಿರ್ಧರಿಸಬಾರದು. ಮುಂದೆ ಅದು ನಿರಪಾಯ ಎಂದೂ ತಿಳಿದುಬರಬಹುದು.

ಕ್ಲಿನಿಕ್ ತರಬೇತಿ ಗರ್ಭಿಣಿಯರು, ಮಕ್ಕಳು, ಕ್ಯಾನ್ಸರ್ ಕುಟುಂಬಗಳ ನಡುವೆ ಸಾಗುತ್ತದೆ. ಮೇಲ್ವಿಚಾರಕರ ಕಣ್ಣೆದುರು ಕನಿಷ್ಠ 50 ಪ್ರಕರಣಗಳಲ್ಲಿ ತಾನೇ ಪಾಲ್ಗೊಂಡಿರಬೇಕು, ಬರೀ ನೋಡಿದ್ದು ಲೆಕ್ಕಕ್ಕಿಲ್ಲ. ಕೊನೆಗೆ ಬೋರ್ಡ್ ಪರೀಕ್ಷೆ, ಅಂದರೆ ವೃತ್ತಿಯ ಪ್ರಮಾಣಪತ್ರ ಕೊಡುವ ಮಂಡಳಿಯ ಪರೀಕ್ಷೆ: 4 ಗಂಟೆ, 200 ಬಹು ಆಯ್ಕೆಯ ಪ್ರಶ್ನೆ. ಪ್ರಮಾಣಪತ್ರದ ಅವಧಿ 5 ವರ್ಷ, ಆಮೇಲೆ ನವೀಕರಣ.

ಮಾನ್ಯತೆ ಪಡೆದ ಕೋರ್ಸ್ ಮುಗಿಸಿದವರಿಗಷ್ಟೇ ಆ ಪರೀಕ್ಷೆ. ಜೆನೆಟಿಕ್ಸಿನಲ್ಲಿ ಪಿಎಚ್‌ಡಿ ಮಾಡಿದ್ದರೂ ಈ ನಿಯಮ ಸಡಿಲವಾಗುವುದಿಲ್ಲ. ಆದ್ದರಿಂದ ಶುಲ್ಕ ಕಟ್ಟುವ ಮುಂಚೆ ಕೋರ್ಸಿಗೆ ಮಾನ್ಯತೆ ಇದೆಯೇ ಎಂದು ನೋಡಿಕೊಳ್ಳಿ.