ಬೆಂಚ್ ಪವರ್ ಸಪ್ಲೈ: ರೆಫರೆನ್ಸ್ ಭಾಗ ಒಂದು ಹಂತಕ್ಕೆ ಬಂತು

ನಾನು ಕಟ್ಟುತ್ತಿರುವ ಪವರ್ ಸಪ್ಲೈನಲ್ಲಿ ಸದ್ಯ ರೆಫರೆನ್ಸ್ ವೋಲ್ಟೇಜಿನ, ಅಂದರೆ ಔಟ್‌ಪುಟ್ ಅನ್ನು ಹೋಲಿಸಿ ನೋಡಲು ಬೇಕಾದ ಅಲುಗಾಡದ ವೋಲ್ಟೇಜಿನ ಕೆಲಸ ನಡೆಯುತ್ತಿದೆ. ಟಿಎಲ್431 ಎಂಬ ರೆಡಿಮೇಡ್ ರೆಫರೆನ್ಸ್ ಐಸಿ ಹಾಕಿದ್ದರೆ ಇಷ್ಟು ಹೊತ್ತಿಗೆ ಮುಗಿದಿರುತ್ತಿತ್ತು. ಆದರೆ ಝೀನರ್‌ನಲ್ಲೇ (ಉಲ್ಟಾ ದಿಕ್ಕಿನಲ್ಲಿ ನಿಗದಿತ ವೋಲ್ಟೇಜ್ ಹಿಡಿದಿಡುವ ಡಯೋಡ್) ಎಷ್ಟು ದೂರ ಹೋಗಬಹುದು ಅಂತ ನೋಡುವ ಆಸೆ.

ಲೋಡ್ ಏರಿದಾಗ ಫಿಲ್ಟರ್ ಕೆಪಾಸಿಟರ್ ಮೇಲಿನ ವೋಲ್ಟೇಜ್ 18 ವೋಲ್ಟ್‌ನಿಂದ 13ಕ್ಕೆ ಇಳಿಯುತ್ತದೆ. ಮೊದಲು 3.3 ವೋಲ್ಟ್ ಝೀನರ್‌ಗೆ ಒಂದು ರೆಸಿಸ್ಟರ್ ಮೂಲಕ ಸುಮಾರು 5 ಮಿಲಿಆಂಪ್ ಕೊಟ್ಟು ನೋಡಿದೆ. ಅದರ ವೋಲ್ಟೇಜ್ 180 ಮಿಲಿವೋಲ್ಟ್‌ನಷ್ಟು ಓಡಾಡಿತು. ಅದೇ ಜಾಗದಲ್ಲಿ 6.2 ವೋಲ್ಟಿನದು ಇಟ್ಟರೆ 20ರ ಆಸುಪಾಸು. ಕಡಿಮೆ ವೋಲ್ಟಿನ ಝೀನರ್‌ಗಳ ಒಳ ರೆಸಿಸ್ಟೆನ್ಸ್ ಜಾಸ್ತಿ, ಕರೆಂಟ್ ಸ್ವಲ್ಪ ಬದಲಾದರೂ ವೋಲ್ಟೇಜ್ ಜಾರುತ್ತದೆ. ಹಾಗಾಗಿ 3.3 ಡಬ್ಬಕ್ಕೆ ವಾಪಸ್.

ಇನ್ನು ಬಿಸಿ. ಸುಮಾರು 5 ವೋಲ್ಟ್‌ಗಿಂತ ಕೆಳಗಿನ ಝೀನರ್‌ಗಳ ವೋಲ್ಟೇಜ್ ಬಿಸಿಯಾದಂತೆ ಇಳಿಯುತ್ತದೆ, 6ರ ಮೇಲಿನವುಗಳದು ಏರುತ್ತದೆ. 6.2ರದು ಡಿಗ್ರಿಗೆ ಸುಮಾರು 2 ಮಿಲಿವೋಲ್ಟ್ ಏರುತ್ತದೆ. ಮಾಮೂಲಿ ಸಿಲಿಕಾನ್ ಡಯೋಡ್ ನೇರ ದಿಕ್ಕಿನಲ್ಲಿ ಹೆಚ್ಚು ಕಡಿಮೆ ಅಷ್ಟೇ ಇಳಿಯುತ್ತದೆ. ಎರಡನ್ನೂ ಸೀರೀಸ್‌ನಲ್ಲಿ ಹಾಕಿದರೆ ಲೆಕ್ಕ ಚುಕ್ತಾ, ಅಲ್ವಾ? 1ಎನ್4148 ಎಂಬ ಅಂಥದೇ ಡಯೋಡ್ ಸೇರಿಸಿದೆ, ಒಟ್ಟು 6.85 ವೋಲ್ಟ್ ಸಿಕ್ಕಿತು. ಸೋಲ್ಡರಿಂಗ್ ಐರನ್ ಹತ್ತಿರ ಹಿಡಿದಾಗ ಬರೀ ಝೀನರ್ ಇದ್ದರೆ ಮೀಟರಿನ ಅಂಕಿ ಸರಸರ ಏರುತ್ತಿತ್ತು. ಈಗ ಒಂದೆರಡು ಮಿಲಿವೋಲ್ಟ್ ಅಲುಗಾಡಿ ನಿಲ್ಲುತ್ತದೆ. ಆದರೆ ಎರಡೂ ಡಯೋಡ್ ಮೈಗೆ ಮೈ ತಾಗಿರಬೇಕು. ಒಂದಕ್ಕೆ ಮಾತ್ರ ಬಿಸಿ ತಗುಲಿದರೆ ಏನೂ ಉಪಯೋಗವಿಲ್ಲ.

ನಿಜವಾಗಿ ಗೆದ್ದದ್ದು ಕರೆಂಟ್ ವಿಷಯದಲ್ಲಿ. ಎಲ್‌ಎಂ358 ಎಂಬ ಆಪ್‌ಆಂಪ್ (ವೋಲ್ಟೇಜ್ ಹಿಗ್ಗಿಸುವ ಐಸಿ) ಈ 6.85 ಅನ್ನು 1.46 ಪಟ್ಟು ಹೆಚ್ಚಿಸಿ 10 ವೋಲ್ಟ್ ಕೊಡುತ್ತದೆ. ಝೀನರ್‌ಗೆ ಕರೆಂಟ್ ಹೋಗುವುದು ಆ 10 ವೋಲ್ಟ್‌ನಿಂದಲೇ, 620 ಓಮ್ ಮೂಲಕ. ಹೊರಗೆ ಏನೇ ಕುಣಿದರೂ ಝೀನರ್‌ಗೆ ಸಿಗುವುದು ಅದೇ 5 ಮಿಲಿಆಂಪ್. ಈಗ 13ರಿಂದ 18ರವರೆಗೆ ತಿರುಗಿಸಿದರೂ ಔಟ್‌ಪುಟ್ 1 ಮಿಲಿವೋಲ್ಟ್ ಆಸುಪಾಸಿನಲ್ಲೇ ಇರುತ್ತದೆ.

ಒಂದು ತೊಡಕಿದೆ. ಆನ್ ಮಾಡಿದಾಗ ಔಟ್‌ಪುಟ್ ಸೊನ್ನೆ ಇದ್ದರೆ ಝೀನರ್‌ಗೂ ಕರೆಂಟ್ ಇಲ್ಲ, ಸರ್ಕ್ಯೂಟ್ ಹಾಗೇ ಮಲಗಿಬಿಡಬಹುದು. ಅದಕ್ಕೇ ಮುಖ್ಯ ಸಪ್ಲೈನಿಂದ ಝೀನರ್‌ಗೆ 220 ಕಿಲೋಓಮ್ ಒಂದನ್ನು ಕೊಟ್ಟಿದ್ದೇನೆ. ಎಬ್ಬಿಸಲು ಅಷ್ಟು ಸಾಕು. ಇದನ್ನು 22ಕ್ಕೆ ಇಳಿಸಿದರೆ ಹೊರಗಿನ ಏರಿಳಿತ ಮತ್ತೆ ಒಳಗೆ ನುಸುಳುತ್ತದೆ.

ನಾಯ್ಸ್ ತಡೆಯಲು ಝೀನರ್ ಮೇಲೆ ನೇರವಾಗಿ ಕೆಪಾಸಿಟರ್ ಹಾಕಿದರೆ ಲಾಭ ಕಡಿಮೆ, ಅದರ ರೆಸಿಸ್ಟೆನ್ಸೇ ಅಷ್ಟು ಚಿಕ್ಕದು. ಝೀನರ್ ಮತ್ತು ಆಪ್‌ಆಂಪ್ ನಡುವೆ 10 ಕಿಲೋಓಮ್, 1 ಮೈಕ್ರೋಫ್ಯಾರಡ್ ಹಾಕಿದ್ದೇನೆ. ಕೆಪಾಸಿಟರ್ ಫಿಲ್ಮ್ ಆಗಿರಲಿ. ಎಲೆಕ್ಟ್ರೋಲಿಟಿಕ್‌ನಲ್ಲಿ ಸುಮ್ನೆ 1 ಮೈಕ್ರೋಆಂಪ್ ಸೋರಿದರೂ ಆ 10 ಕಿಲೋಓಮ್ ಮೇಲೆ 10 ಮಿಲಿವೋಲ್ಟ್ ಹೋಯಿತು.

ಮುಂದಿನ ಸಲ ಇದನ್ನು ಬೋರ್ಡಿಗೆ ಇಳಿಸಬೇಕು. ಲೋಡ್ ಕರೆಂಟ್ ಹೊತ್ತು ಬಿಸಿಯಾಗುವ ಪಾಸ್ ಟ್ರಾನ್ಸಿಸ್ಟರಿನ ಹೀಟ್‌ಸಿಂಕ್ ಒಂದು ಮೂಲೆಗೆ, ಡಯೋಡ್ ಜೋಡಿ ಅದರ ಎದುರು ಮೂಲೆಗೆ.