ಪೆರಾಕ್ಸೈಡ್ ಅಳತೆಗೆ ಅವಕೆಂಪು: 877 ಬಿಟ್ಟು 1390 ಹಿಡಿದಲ್ಲಿಗೆ

ಗುರಿ: ನೀರಿನಲ್ಲಿರುವ ಹೈಡ್ರೋಜನ್ ಪೆರಾಕ್ಸೈಡನ್ನು ಎಫ್‌ಟಿಐಆರ್‌ನಲ್ಲಿ (ಅವಕೆಂಪು ಬೆಳಕಿನ ಹೀರಿಕೆ ಅಳೆಯುವ ಯಂತ್ರ), ವಜ್ರದ ಎಟಿಆರ್ ಮೇಲೆ (ಹನಿಯನ್ನು ಮೇಲಿಟ್ಟು ಒಳಗಿನಿಂದ ಕಿರಣ ಹಾಯಿಸುವ ಹರಳು), 1ರಿಂದ 30%ವರೆಗೆ ಅಳೆಯುವುದು. ಪೀಕ್ (ಹೀರಿಕೆಯ ಶಿಖರ) ಆಯ್ಕೆ, ಸ್ಟ್ಯಾಂಡರ್ಡ್ (ಸಾಂದ್ರತೆ ಗೊತ್ತಿರುವ ಹೋಲಿಕೆ ದ್ರಾವಣ) ತಯಾರಿ ಮುಗಿದಿವೆ. ಔಷಧಿ ಅಂಗಡಿಯ ಬಾಟಲಿ ಬಾಕಿ.

ಪೀಕ್

ಎಲ್ಲರೂ ಮೊದಲು ಹುಡುಕುವುದು 877 ಸೆಂ.ಮೀ⁻¹, ಅಂದರೆ ಎರಡು ಆಕ್ಸಿಜನ್‌ಗಳ ನಡುವಿನ ಬಂಧದ ಹಿಗ್ಗಾಟ. ಚದುರಿದ ಬೆಳಕನ್ನು ಅಳೆಯುವ ರಾಮನ್ ವಿಧಾನದಲ್ಲಿ ಅದು ಎದ್ದು ಕಾಣುತ್ತದೆ. ಅವಕೆಂಪಿನಲ್ಲಿ ಇಲ್ಲವೆಂದೇ ಹೇಳಬೇಕು: ಬಂಧದ ಎರಡೂ ತುದಿ ಒಂದೇ ಬಗೆಯವು, ಹಿಗ್ಗಿದರೂ ದ್ವಿಧ್ರುವ (ವಿದ್ಯುದಾವೇಶದ ಅಸಮ ಹಂಚಿಕೆ) ಹೆಚ್ಚು ಬದಲಾಗುವುದಿಲ್ಲ, ಅದು ಬದಲಾಗದೆ ಅವಕೆಂಪು ಹೀರಿಕೆಯಿಲ್ಲ. ಸಾಲದ್ದಕ್ಕೆ ನೀರಿನ ಅಗಲವಾದ ಹೀರಿಕೆ ಅಲ್ಲೇ ಮೇಲೇಳುತ್ತದೆ.

ಉಳಿದವು 1390 (ಓಎಚ್ ಬಾಗುವಿಕೆ) ಮತ್ತು 2840. ಎರಡನೆಯದು ನೀರಿನ 3300ರ ಗುಡ್ಡದ ಇಳಿಜಾರಿನಲ್ಲಿ ಕೂತಿದೆ, ಬೇಸ್‌ಲೈನ್ (ಪೀಕ್‌ನ ಎತ್ತರ ಅಳೆಯುವ ತಳಗೆರೆ) ಎಳೆಯುವುದೇ ತಲೆನೋವು. ಕಿರಣ ದ್ರವದೊಳಗೆ ಇಳಿಯುವ ಆಳವೂ ಅಲ್ಲಿ ಸುಮಾರು 0.5 ಮೈಕ್ರಾನ್ ಮಾತ್ರ; 1390ರಲ್ಲಿ 1.1 (45 ಡಿಗ್ರಿ ಕೋನಕ್ಕೆ). ಹಾಗಾಗಿ 1390. ಅದರ ಕಾಟವೆಂದರೆ ಗಾಳಿಯ ತೇವ: ಮುಳ್ಳುಮುಳ್ಳಾದ ಗೆರೆಗಳು ಅದೇ ಜಾಗದಲ್ಲಿ ಬೀಳುತ್ತವೆ. ಒಣ ನೈಟ್ರೋಜನ್ ಹರಿಸಬೇಕು.

ಹರಳು ವಜ್ರವೇ ಆಗಿರಲಿ. ಜರ್ಮೇನಿಯಂ ಅನ್ನು ಪೆರಾಕ್ಸೈಡ್ ಕೊರೆಯುತ್ತದೆ.

ಸ್ಟ್ಯಾಂಡರ್ಡ್

ಬಾಟಲಿಯ ಮೇಲಿನ 30% ನಂಬುವಂತಿಲ್ಲ. 1 ಮಿ.ಲೀ. ತೆಗೆದು 100 ಮಿ.ಲೀ.ಗೆ ಏರಿಸಿ, ಅದರಲ್ಲಿ 10 ಮಿ.ಲೀ.ಗೆ ತೆಳುವಾಗಿಸಿದ ಗಂಧಕಾಮ್ಲ ಧಾರಾಳವಾಗಿ ಸೇರಿಸಿ, 0.02 ಮೋಲಾರ್ ಪರ್ಮಾಂಗನೇಟ್‌ನಿಂದ ಟೈಟ್ರೇಟ್ ಮಾಡಬೇಕು (ಗುಲಾಬಿ ಬಣ್ಣ ಉಳಿಯುವವರೆಗೆ ಹನಿಹನಿಯಾಗಿ ಸೇರಿಸುವುದು). ನಿಜಕ್ಕೂ 30% ಇದ್ದರೆ 19.6 ಮಿ.ಲೀ. ಆಸುಪಾಸು ಹೋಗುತ್ತದೆ. ಮೊದಲ ಹನಿಗಳ ಬಣ್ಣ ಹೋಗಲು ತಡವಾಗುತ್ತದೆ, ಆಮೇಲೆ ಸರಾಗ. ಕಂದು ಕದಡು ಕಂಡರೆ ಆಮ್ಲ ಕಡಿಮೆಯಾಗಿದೆ ಎಂದರ್ಥ. ಆ ಮ್ಯಾಂಗನೀಸ್ ಡೈಆಕ್ಸೈಡ್ ಪೆರಾಕ್ಸೈಡನ್ನೇ ಒಡೆಯುತ್ತದೆ, ಆ ಫ್ಲಾಸ್ಕ್ ಚೆಲ್ಲಿ ಹೊಸದಾಗಿ ಶುರುಮಾಡಿ. ದುರ್ಬಲ ಸ್ಟ್ಯಾಂಡರ್ಡ್‌ಗಳು ತೂಕದಲ್ಲಿ: 15%ಗೆ 30%ರದ್ದು 10 ಗ್ರಾಂ + 10 ಗ್ರಾಂ ನೀರು, 6%ಗೆ 4 + 16, 3%ಗೆ 2 + 18.

ಸ್ಕ್ಯಾನ್

ಬರಿ ಹರಳಿನ ಬ್ಯಾಕ್‌ಗ್ರೌಂಡ್ (ಹೋಲಿಕೆಗೆ ಮೊದಲು ತೆಗೆಯುವ ಸ್ಕ್ಯಾನ್), 20 ಮೈಕ್ರೋಲೀಟರ್ ಹನಿ, ಮೇಲೆ ಮುಚ್ಚಳ, 4 ಸೆಂ.ಮೀ⁻¹ ರೆಸಲ್ಯೂಶನ್, 32 ಸ್ಕ್ಯಾನ್. ನೀರಿನ ರೋಹಿತವನ್ನು ಆಮೇಲೆ ಕಳೆಯಬೇಕು. ನೀರನ್ನೇ ಬ್ಯಾಕ್‌ಗ್ರೌಂಡ್ ಮಾಡಿಕೊಂಡರೆ ನೀರಿನ 1640ರ ಪೀಕ್ ಕಣ್ಣಿಗೆ ಬೀಳದು, ಕಾವಲಿಗಿರುವುದೇ ಆ ಪೀಕ್. 1390, 1640 ಎರಡೂ ಒಟ್ಟಿಗೆ ಕುಸಿದರೆ ಹರಳಿನ ಮೇಲೆ ಆಕ್ಸಿಜನ್ ಗುಳ್ಳೆ ಕೂತಿದೆ. 1390 ಏರಿ 1640 ಇಳಿದರೆ ಹನಿ ಒಣಗುತ್ತಿದೆ. ನೀರು ಮೊದಲು ಆವಿಯಾಗಿ ಪೆರಾಕ್ಸೈಡ್ ಗಟ್ಟಿಯಾಗುತ್ತದೆ. 1390 ಮಾತ್ರ ಇಳಿಯುತ್ತ 1640 ತುಸು ಏರಿದರೆ ಪೆರಾಕ್ಸೈಡ್ ಒಡೆಯುತ್ತಿದೆ, ಸಾಮಾನ್ಯವಾಗಿ ಲೋಹದ ಕಲ್ಮಶದಿಂದ. ಒತ್ತುವ ಉಕ್ಕಿನ ಮೊಳೆಯನ್ನು ಹನಿಗೆ ಮುಟ್ಟಿಸುವ ಅಗತ್ಯವೇ ಇಲ್ಲ.

ಒರೆಸಲು ನೀರು ಮಾತ್ರ. ಎಟಿಆರ್ ಪಕ್ಕದಲ್ಲಿ ಅಸಿಟೋನ್ ಬಾಟಲಿ ಇಡುವ ಚಾಳಿ ಇಲ್ಲಿ ಬೇಡ: ಪೆರಾಕ್ಸೈಡ್ ಜೊತೆ ಸೇರಿದರೆ ಸ್ಫೋಟಕ ಹುಟ್ಟಬಹುದು. ಒರೆಸಿದ ಕಾಗದವನ್ನು ನೀರಲ್ಲಿ ನೆನೆಸಿಯೇ ಬಿಸಾಡಿ. ಬಾಟಲಿಗೆ ಗಾಳಿಕಿಂಡಿಯಿರುವ ಮುಚ್ಚಳ, ಕೈಗವಸು, ಕನ್ನಡಕ ಕಡ್ಡಾಯ.

ಮುಂದಿನದು

ಔಷಧಿ ಅಂಗಡಿಯ 20 ವಾಲ್ಯೂಮ್ ಬಾಟಲಿ (ಒಂದು ಪಾಲು ದ್ರವ ಒಡೆದರೆ 20 ಪಾಲು ಆಕ್ಸಿಜನ್ ಅನಿಲ). ಅದರ 6% ಎಂದರೆ 100 ಮಿ.ಲೀ.ಗೆ 6 ಗ್ರಾಂ. ನಮ್ಮ ಸ್ಟ್ಯಾಂಡರ್ಡ್‌ಗಳು ತೂಕಕ್ಕೆ ತೂಕ. ಸಾಂದ್ರತೆ 1.02 ಹಿಡಿದರೆ ಸ್ಟ್ಯಾಂಡರ್ಡ್‌ಗಳಿಂದ ಎಳೆದ ರೇಖೆಯ ಮೇಲೆ ಅದು 5.9ರಲ್ಲಿ ಬರಬೇಕು.